ಎಂಟನೆಯದು ನಾಲ್ಕನೆಯದಾದ ಕಥೆ: ಬ್ಯಾನ್ಫ್ ಸ್ಪ್ರಿಂಗ್ಸ್ ಗಾಲ್ಫ್ ಮೈದಾನ

ಊರಿನಿಂದ ಬಂದ ನೆಂಟರನ್ನು ಬ್ಯಾನ್ಫ್‌ಗೆ ಕರೆದೊಯ್ದು ಬೋ ಜಲಪಾತದ ಎದುರು ನಿಲ್ಲಿಸಿ ಫೋಟೋ ತೆಗೆಯದ ಕನ್ನಡಿಗರ ಮನೆ ಕ್ಯಾಲ್ಗರಿಯಲ್ಲಿ ಹುಡುಕಿದರೂ ಸಿಗಲಾರದು. ಜಲಪಾತ ನೋಡಿದ್ದಾಯಿತು, ಮೇಲಿನ ಕಲ್ಲಿನ ಹೋಟೆಲ್ ನೋಡಿದ್ದಾಯಿತು. ಆಮೇಲೆ ಯಾರಾದರೊಬ್ಬರು ಸ್ಪ್ರೇ ನದಿಯ ಸೇತುವೆಯಾಚೆಗಿನ ಹಸಿರನ್ನು ತೋರಿಸಿ ಅದೇನೆಂದು ಕೇಳುತ್ತಾರೆ. ಗಾಲ್ಫ್ ಮೈದಾನ ಎನ್ನುತ್ತೇವೆ, ಕಾರು ಹತ್ತುತ್ತೇವೆ. ನಮ್ಮ ಸ್ಮರಣ ಸಂಚಿಕೆಗೆ ಈ ಸೀಮೆಯ ಒಂದು ಹಳೆಯ ಸಂಸ್ಥೆಯ ಚರಿತ್ರೆ ಬೇಕೆಂದು ಸಂಪಾದಕರು ಕೇಳಿದಾಗ ನಾನು ಆರಿಸಿಕೊಂಡದ್ದು ಆ ಹಸಿರನ್ನು. ಶಾಲೆ, ಚರ್ಚು, ರೈಲು ನಿಲ್ದಾಣಗಳ ಚರಿತ್ರೆ ಬರೆಯಲು ಬೇರೆಯವರಿದ್ದಾರೆ. ಗಾಲ್ಫ್ ಆಡುವ ಕನ್ನಡಿಗರು ನಮ್ಮಲ್ಲಿ ಕಡಿಮೆ. ಆಡಿದ್ದನ್ನು ಬರೆಯುವವರು ಇನ್ನೂ ಕಡಿಮೆ.

ಎಲ್ಲಕ್ಕೂ ಮೂಲ ರೈಲು. ಕೆನಡಿಯನ್ ಪೆಸಿಫಿಕ್ ರೈಲ್ವೆಯ ಕೆಲಸಗಾರರು 1883ರಲ್ಲಿ ಸಲ್ಫರ್ ಮೌಂಟನ್‌ನ ಮಗ್ಗುಲಲ್ಲಿ ಬಿಸಿನೀರಿನ ಬುಗ್ಗೆಗಳನ್ನು ಕಂಡರು. 1885ರಲ್ಲಿ ಸರ್ಕಾರ ಅವುಗಳ ಸುತ್ತಲಿನ ಜಾಗವನ್ನು ಮೀಸಲಿಟ್ಟಿತು. ಮುಂದೆ ಅದೇ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನವಾಗಿ ಬೆಳೆಯಿತು. ಅದೇ ವರ್ಷ ಕಡಲಿನಿಂದ ಕಡಲಿಗೆ ಹಳಿ ಕೂಡಿತು. ಆದರೆ ಆ ಬೆಟ್ಟಗಳ ನಡುವೆ ಜನವಸತಿ ಎಲ್ಲಿತ್ತು? ಹಳಿಗೆ ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಗಾಡಿ ತುಂಬಬೇಕು, ಗಾಡಿ ತುಂಬಲು ನೋಡುವಂಥದ್ದೇನಾದರೂ ಇರಬೇಕು. ಕಂಪನಿಯ ವಿಲಿಯಂ ವ್ಯಾನ್ ಹಾರ್ನ್ ಹಾಕಿದ ಲೆಕ್ಕ ಇಷ್ಟೇ: ಬೆಟ್ಟವನ್ನಂತೂ ಸಾಗಿಸಲಾಗದು, ನೋಡುವವರನ್ನೇ ಇಲ್ಲಿಗೆ ಸಾಗಿಸೋಣ. 1888ರಲ್ಲಿ ಬೋ ಮತ್ತು ಸ್ಪ್ರೇ ನದಿಗಳ ಸಂಗಮದ ಮೇಲೆ ಮರದ ಹೋಟೆಲೊಂದು ಬಾಗಿಲು ತೆರೆಯಿತು. ಕಟ್ಟುವವರು ನಕ್ಷೆಯನ್ನು ತಿರುವುಮುರುವಾಗಿ ಹಿಡಿದು, ಅತ್ಯುತ್ತಮ ನೋಟವನ್ನು ಅಡುಗೆಮನೆಗೆ ಕೊಟ್ಟುಬಿಟ್ಟರೆಂಬ ಕಥೆಯನ್ನು ಅಲ್ಲಿನ ಗೈಡುಗಳು ಇವತ್ತಿಗೂ ಹೇಳುತ್ತಾರೆ.

ಅಂದಿನ ಅತಿಥಿಗಳು ಪೆಟ್ಟಿಗೆ ಪೆಟ್ಟಿಗೆ ಬಟ್ಟೆಯೊಂದಿಗೆ ಬಂದು ವಾರಗಟ್ಟಲೆ ಇರುತ್ತಿದ್ದವರು. ಬುಗ್ಗೆಯಲ್ಲಿ ಎಷ್ಟು ಹೊತ್ತು ಕುಳಿತಾರು? 1911ರಲ್ಲಿ ಹೋಟೆಲ್ಲಿನ ಕೆಳಗೆ, ನದಿಯ ಬಯಲಿನಲ್ಲಿ, ಒಂಬತ್ತು ಹೋಲ್‌ಗಳ ಮೈದಾನ ಸಿದ್ಧವಾಯಿತು. ಆ ಹೊತ್ತಿಗೆ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್‌ಗೆ ಮೂವತ್ತೈದು ವರ್ಷ ತುಂಬಿತ್ತು, ಅದು 1876ರದ್ದು. ಹೆಸರಿನ ಹೊಳಪು ನೋಡಿ ಬ್ಯಾನ್ಫೇ ಹಿರಿದೆಂದು ತಿಳಿದವರಿಗೆ ಈ ಮಾತು.

ಮುಂದಿನ ಅಧ್ಯಾಯವನ್ನು ಹೋಟೆಲ್ಲಿನ ಬಣ್ಣದ ಪತ್ರಿಕೆಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಮೊದಲ ಮಹಾಯುದ್ಧ ಶುರುವಾದ ಮೇಲೆ ಕೆನಡಾ ಸರ್ಕಾರ 8,500ಕ್ಕೂ ಹೆಚ್ಚು ಜನರನ್ನು ಶತ್ರುದೇಶದವರೆಂದು ಹಿಡಿದು ಶಿಬಿರಗಳಲ್ಲಿಟ್ಟಿತು. ಅವರಲ್ಲಿ ಬಹುಪಾಲು ಜನ ಆಸ್ಟ್ರಿಯಾ-ಹಂಗೆರಿಯ ಪಾಸ್‌ಪೋರ್ಟ್ ಹಿಡಿದು ಹೊಟ್ಟೆಪಾಡಿಗೆ ಬಂದಿದ್ದ ಉಕ್ರೇನಿಯನ್ ರೈತರು, ಕೂಲಿಗಳು. 1915ರಿಂದ 1917ರವರೆಗೆ ಬ್ಯಾನ್ಫ್‌ನಲ್ಲೂ ಅಂಥದೊಂದು ಶಿಬಿರವಿತ್ತು: ಬೇಸಿಗೆಯಲ್ಲಿ ಕ್ಯಾಸಲ್ ಮೌಂಟನ್‌ನ ಬುಡದಲ್ಲಿ ಡೇರೆ, ಚಳಿಗಾಲದಲ್ಲಿ ಬುಗ್ಗೆಯ ಪಕ್ಕದ ಬಿಡಾರ. ಲೇಕ್ ಲೂಯಿಸ್ ಕಡೆಗಿನ ರಸ್ತೆ, ಸ್ಪ್ರೇ ನದಿಯ ಸೇತುವೆ, ಮರ ಕಡಿದು ಬಯಲು ಮಾಡುವುದು, ಗಾಲ್ಫ್ ಮೈದಾನವನ್ನು ಹಿಗ್ಗಿಸುವ ಕೆಲಸ, ಎಲ್ಲದರಲ್ಲೂ ಅವರ ಬೆವರಿದೆ. ಬೇಲಿಯ ಒಳಗಿದ್ದವರು ಬೇಲಿಯ ಹೊರಗಿನವರ ವಿಹಾರಕ್ಕೆ ಹುಲ್ಲುಗಾವಲು ಮಾಡಿಕೊಟ್ಟರು. ಈ ಸಂಗತಿಗೆ ಸರಿಯಾದ ಪ್ರದರ್ಶನ ಶಾಲೆಯೊಂದು ಬುಗ್ಗೆಯಿರುವ ಕೇವ್ ಅಂಡ್ ಬೇಸಿನ್‌ನಲ್ಲಿ ತೆರೆದದ್ದು 2013ರಲ್ಲಿ, ಸುಮಾರು ನೂರು ವರ್ಷ ಕಳೆದ ಮೇಲೆ. ಬುಗ್ಗೆ ನೋಡಲು ಹೋದವರು ಪಕ್ಕದ ಆ ಕಟ್ಟಡಕ್ಕೂ ಹತ್ತು ನಿಮಿಷ ಕೊಡಬೇಕು.

ಅದಕ್ಕೂ ಹಿಂದಿನದು ಸ್ಟೋನಿ ನಕೋಡಾ ಮೂಲನಿವಾಸಿಗಳ ಕಥೆ. ಅವರು ಬೇಟೆಯಾಡುತ್ತಿದ್ದ, ಓಡಾಡುತ್ತಿದ್ದ ಕಣಿವೆ ಇದು. ಉದ್ಯಾನವಾದ ಮೇಲೆ ಬೇಟೆ ನಿಷಿದ್ಧವಾಯಿತು, ಅವರು ಹೊರಗಾದರು. ಹೋಟೆಲ್ಲಿನ ಅತಿಥಿಗಳ ಮುಂದೆ ವೇಷ ತೊಟ್ಟು ಕುದುರೆ ಸವಾರಿ ತೋರಿಸುವ ದಿನಗಳಿಗೆ ಮಾತ್ರ ಕರೆ ಬರುತ್ತಿತ್ತು.

ಇಪ್ಪತ್ತರ ದಶಕದ ಮೊದಲರ್ಧದಲ್ಲಿ, ಆ ಕಾಲದ ಅತಿ ಹೆಸರುವಾಸಿ ವಿನ್ಯಾಸಕಾರ ಡೊನಾಲ್ಡ್ ರಾಸ್ ಅವರ ಸಲಹೆಯೊಂದಿಗೆ ಮೈದಾನ ಹದಿನೆಂಟು ಹೋಲ್ ಆಯಿತು. ಅಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕಥೆಯನ್ನು ತಿರುಗಿಸಿದ್ದು ಎದುರಾಳಿ ಕಂಪನಿಯ ಮೇಲಿನ ಹೊಟ್ಟೆಕಿಚ್ಚು. ಸರ್ಕಾರದ ಕೆನಡಿಯನ್ ನ್ಯಾಷನಲ್ ರೈಲ್ವೆ ಉತ್ತರದ ಜಾಸ್ಪರ್‌ನಲ್ಲಿ ತನ್ನದೇ ಬೆಟ್ಟದ ಲಾಡ್ಜ್ ಕಟ್ಟಿ, 1925ರಲ್ಲಿ ಅಲ್ಲೊಂದು ಗಾಲ್ಫ್ ಮೈದಾನ ತೆರೆಯಿತು. ಮಾಡಿದವರು ಸ್ಟಾನ್ಲಿ ಥಾಂಪ್ಸನ್. ಆಡಿದವರೆಲ್ಲ ಹೊಗಳಿದರು. ಬ್ಯಾನ್ಫ್‌ನವರು ಅದೇ ಮನುಷ್ಯನನ್ನು ಕರೆಸಿದರು.

ಟೊರಾಂಟೊದಲ್ಲಿ 1893ರಲ್ಲಿ, ಸ್ಕಾಟ್ಲೆಂಡಿನಿಂದ ವಲಸೆ ಬಂದ ಮನೆಯಲ್ಲಿ ಹುಟ್ಟಿದ ಥಾಂಪ್ಸನ್ ಐವರು ಅಣ್ಣತಮ್ಮಂದಿರಲ್ಲಿ ಒಬ್ಬರು. ಐವರಿಗೂ ಗಾಲ್ಫ್ ಹುಚ್ಚು. ಗ್ವೆಲ್ಫ್‌ನ ಕೃಷಿ ಕಾಲೇಜಿನಲ್ಲಿ ಓದು, ಯುದ್ಧಕಾಲದಲ್ಲಿ ಫ್ರಾನ್ಸ್‌ನಲ್ಲಿ ಸೈನಿಕ ಸೇವೆ, ಬಂದ ಮೇಲೆ ಮೈದಾನ ಕಟ್ಟುವ ಉದ್ಯೋಗ. ಕುಡಿತ, ಸಿಗಾರು, ಧಾರಾಳದ ಖರ್ಚು. ಗಳಿಸಿದ್ದನ್ನೆಲ್ಲ ಕಳೆದು 1953ರಲ್ಲಿ ತೀರಿಕೊಂಡರು. ಜಾಸ್ಪರ್‌ನ ಒಂಬತ್ತನೇ ಹೋಲ್ ಅನ್ನು ಮೇಲಿನಿಂದ ನೋಡಿದರೆ ಮಲಗಿದ ಹೆಂಗಸಿನ ಆಕಾರ ಕಾಣುವಂತೆ ದಿಣ್ಣೆಗಳನ್ನು ಕಟ್ಟಿಸಿ ಅದಕ್ಕೆ ಕ್ಲಿಯೋಪಾತ್ರಾ ಎಂದು ಹೆಸರಿಟ್ಟದ್ದು, ಅದನ್ನು ಕಂಡು ರೈಲ್ವೆಯ ಅಧ್ಯಕ್ಷ ಸರ್ ಹೆನ್ರಿ ಥಾರ್ನ್‌ಟನ್ ಕೆಂಡವಾದದ್ದು, ಕಡೆಗೆ ದಿಣ್ಣೆಗಳನ್ನು ಒಂದಿಷ್ಟು ತಗ್ಗಿಸಿದ್ದು, ಇದೆಲ್ಲ ಗಾಲ್ಫ್ ಲೋಕದಲ್ಲಿ ಹೇಳಿ ಹೇಳಿ ಸವೆದ ಕಥೆ. ಹೆಸರು ಮಾತ್ರ ಹಾಗೇ ಉಳಿದಿದೆ. ಇಂಥ ಮನುಷ್ಯನ ಕೈಗೆ ಬ್ಯಾನ್ಫ್‌ನವರು ಖಜಾನೆಯ ಬೀಗದ ಕೈ ಕೊಟ್ಟರು. 1926ರಲ್ಲಿ ಹಳೆಯ ಮರದ ಹೋಟೆಲ್ಲಿನ ಉಳಿದ ಭಾಗ ಬೆಂಕಿಗೆ ಆಹುತಿಯಾಗಿತ್ತು. ಕಲ್ಲಿನ ಹೊಸ ಹೋಟೆಲೂ ಹೊಸ ಮೈದಾನವೂ ಒಟ್ಟೊಟ್ಟಿಗೆ ಎದ್ದವು. ಬಂಡೆಯನ್ನು ಸಿಡಿಮದ್ದಿಟ್ಟು ಒಡೆದರು, ಮಣ್ಣನ್ನು ರೈಲುಗಾಡಿಗಳಲ್ಲಿ ತರಿಸಿ ಹಾಸಿದರು. 1928ರಲ್ಲಿ ಕೆಲಸ ಮುಗಿದಾಗ, ಹತ್ತು ಲಕ್ಷ ಡಾಲರ್ ದಾಟಿದ ಮೊದಲ ಗಾಲ್ಫ್ ಮೈದಾನ ಇದೇ ಎಂಬ ಮಾತು ಹುಟ್ಟಿತು. ಇಂದಿಗೂ ಅದನ್ನು ಹಾಗೆಯೇ ಹೇಳುತ್ತಾರೆ.

ಅಷ್ಟು ದುಡ್ಡು ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ ಬೆಟ್ಟದ ನಡುವೆ ಗಾಲ್ಫ್ ಆಡುವವನ ಕಣ್ಣಿನ ಪಾಡು ತಿಳಿಯಬೇಕು. ಬಯಲುನಾಡಿನಲ್ಲಿ ನಮ್ಮ ಕಣ್ಣು ದೂರವನ್ನು ಅಳೆಯುವುದು ಗೊತ್ತಿರುವ ಗಾತ್ರಗಳ ಸಹಾಯದಿಂದ: ಒಂದು ಮರ, ಒಂದು ಮನೆ, ಒಬ್ಬ ಮನುಷ್ಯ. ಇಲ್ಲಿ ಗ್ರೀನ್‌ನ, ಅಂದರೆ ಕುಳಿಯಿರುವ ನುಣುಪು ಹುಲ್ಲುಹಾಸಿನ, ಹಿಂದೆಯೇ 2,948 ಮೀಟರ್ ಎತ್ತರದ ರಂಡಲ್ ಬೆಟ್ಟ ನಿಂತಿದೆ. ಮೈದಾನ ಇರುವುದು ಸುಮಾರು 1,400 ಮೀಟರಿನಲ್ಲಿ. ಅಂದರೆ ಒಂದೂವರೆ ಕಿಲೋಮೀಟರ್ ಕಲ್ಲು ನಿಮ್ಮ ತಲೆಯ ಮೇಲೆ ಎದ್ದಿರುತ್ತದೆ. ಅದರ ಮುಂದೆ ಬಾವುಟ ಕಡ್ಡಿಯಾಗುತ್ತದೆ, ಎಪ್ಪತ್ತು ಅಡಿಯ ಸ್ಪ್ರೂಸ್ ಮರ ಗಿಡವಾಗುತ್ತದೆ. ಸಾಮಾನ್ಯ ಗಾತ್ರದ ಬಂಕರ್ ಮಾಡಿದರೆ ಕಣ್ಣಿಗೆ ಬೀಳುವುದೇ ಇಲ್ಲ. ಥಾಂಪ್ಸನ್ ಮರಳುಗುಂಡಿಗಳನ್ನು ದೊಡ್ಡದಾಗಿ ತೋಡಿಸಿದರು, ಅಂಚುಗಳನ್ನು ಮೇಲೆತ್ತಿಸಿದರು, ಆ ಅಂಚಿನ ಏರಿಳಿತ ಹಿಂದಿನ ಶಿಖರಗಳ ಸಾಲನ್ನು ಹೋಲುವಂತೆ ತಿದ್ದಿಸಿದರು. ಮೊದಲ ಹೊಡೆತದ ಜಾಗವಾದ ಟೀ ಮೇಲೆ ನಿಂತವನಿಗೆ ಬೆಟ್ಟವೂ ಮೈದಾನವೂ ಒಂದೇ ಕೈಯ ಕೆಲಸದ ಹಾಗೆ ತೋರುತ್ತವೆ. ಟೀಯಿಂದ ಗ್ರೀನ್‌ವರೆಗಿನ ಹುಲ್ಲುದಾರಿಗಳಾದ ಫೇರ್‌ವೇಗಳ ದಿಕ್ಕನ್ನೂ ಹಾಗೆಯೇ ಶಿಖರ ನೋಡಿ ಇಟ್ಟಿದ್ದಾರೆ. ಎಲ್ಲಿಗೆ ಹೊಡೆಯಬೇಕೆಂಬ ಅನುಮಾನ ಬಂದರೆ ಎದುರಿನ ತುದಿಯನ್ನೇ ಗುರಿ ಹಿಡಿಯಿರಿ, ಬಹಳಷ್ಟು ಸಲ ಸರಿಹೋಗುತ್ತದೆ.

ಅದೇ ಕೈ ಮೋಸವನ್ನೂ ಮಾಡಿದೆ. ಕೆಲವು ಬಂಕರ್‌ಗಳು ದೂರದಿಂದ ಗ್ರೀನ್‌ನ ಬಾಯಿಗೇ ಅಂಟಿಕೊಂಡಂತೆ ಕಾಣುತ್ತವೆ. ಹತ್ತಿರ ಹೋದರೆ ಬಂಕರ್‌ಗೂ ಗ್ರೀನ್‌ಗೂ ನಡುವೆ ಟೀಯಿಂದ ಕಾಣಿಸದ ಹುಲ್ಲು ಬೇಕಾದಷ್ಟು ಇರುತ್ತದೆ. ಬಂಕರ್ ದಾಟಿಸಿದೆನೆಂದು ಬೀಗಿದವನ ಚೆಂಡು ಅಲ್ಲೇ ಕುಳಿತಿರುತ್ತದೆ. ಇದರ ಜೊತೆಗೆ ಗಾಳಿಯ ಲೆಕ್ಕ. ಈ ಎತ್ತರದಲ್ಲಿ ಗಾಳಿ ತೆಳು. ಚೆಂಡು ನೂರಕ್ಕೆ ಐದರಷ್ಟು ಹೆಚ್ಚು ದೂರ ಹೋಗುತ್ತದೆ. ಕ್ಯಾಲ್ಗರಿಯಲ್ಲಿ ಆಡುವ ನಮಗೆ ಅದರ ಬಹುಭಾಗ ಅಭ್ಯಾಸವಾಗಿರುತ್ತದೆ, ಟೊರಾಂಟೊದಿಂದ ಬಂದವರು ಖುಷಿಪಡುತ್ತಾರೆ. ಆದರೆ ಜೂನ್ ತಿಂಗಳ ಬೆಳಗ್ಗೆ ಏಳು ಗಂಟೆಗೆ ಕೈ ಕೊರೆಯುವ ಚಳಿಯಿದ್ದಾಗ ಅದೇ ಚೆಂಡು ಕಲ್ಲಿನಂತೆ ಗಡುಸು, ತೆಳುಗಾಳಿಯ ಲಾಭವೆಲ್ಲ ಅಲ್ಲಿಗೆ ಸೊನ್ನೆ. ಗ್ರೀನ್ ಮೇಲೂ ಬೆಟ್ಟದ ಆಟ ನಿಲ್ಲದು. ಸುತ್ತಲಿನ ನೆಲವೆಲ್ಲ ವಾಲಿರುವಾಗ ಸಮತಟ್ಟು ಯಾವುದೆಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಎಡಕ್ಕೆ ಇಳಿಜಾರೆಂದು ಕಂಡದ್ದು ಬಲಕ್ಕೆ ಉರುಳುತ್ತದೆ. ಬೆಟ್ಟ ಎಲ್ಲಿದೆ ನೋಡು, ಪಟ್ (ಗ್ರೀನ್ ಮೇಲಿನ ಉರುಳು ಹೊಡೆತ) ಅದರಿಂದ ದೂರ ಸರಿಯುತ್ತದೆ ಎನ್ನುವುದು ಗುಡ್ಡಗಾಡಿನ ಮೈದಾನಗಳಲ್ಲೆಲ್ಲ ಕ್ಯಾಡಿಗಳು ಕೊಡುವ ಬುದ್ಧಿ. ಇಲ್ಲಿ ನದಿ ಎಲ್ಲಿದೆ ನೋಡು ಎಂದರೂ ಅರ್ಥ ಒಂದೇ.

ಈ ಎಲ್ಲ ಚಮತ್ಕಾರವೂ ಒಂದೆಡೆ ಸೇರಿರುವುದು ಡೆವಿಲ್ಸ್ ಕಾಲ್ಡ್ರನ್, ಅಂದರೆ ಸೈತಾನನ ಕೊಪ್ಪರಿಗೆ ಎಂಬ, ಮೂರು ಹೊಡೆತದಲ್ಲಿ ಮುಗಿಸಬೇಕಾದ ಪಾರ್ 3 ಹೋಲ್‌ನಲ್ಲಿ. ಟೀ ಎತ್ತರದಲ್ಲಿದೆ. ಕೆಳಗೆ ಹಿಮನದಿ ಕಾಲದ ಪುಟ್ಟ ಕೊಳ, ಅದರ ಆಚೆ ದಂಡೆಯ ಮೇಲೆ ಬೋಗುಣಿಯ ಒಳಮೈಯಂತೆ ತಗ್ಗಾದ ಗ್ರೀನ್, ಸುತ್ತ ಬಂಕರ್‌ಗಳ ಕಾವಲು, ಅದರ ಬೆನ್ನಿಗೆ ರಂಡಲ್‌ನ ಬಂಡೆಗೋಡೆ. ಹಿಂದಿನ ಟೀಯಿಂದ ದೂರ 190 ಗಜಕ್ಕೆ ತುಸು ಹೆಚ್ಚು. ನಡುವೆ ಫೇರ್‌ವೇ ಎಂಬುದೇ ಇಲ್ಲ. ಹೊಡೆದರೆ ಗ್ರೀನ್, ತಪ್ಪಿದರೆ ನೀರು ಅಥವಾ ಕಾಡು. ಆಡುವವರು ಇಲ್ಲಿ ಮೊದಲು ಮಾಡುವ ಕೆಲಸ ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರುವುದು. ಹುಲ್ಲು ಮುಖಕ್ಕೇ ಬಂದು ಬೀಳುತ್ತದೆ, ಸರಿ, ಎದುರುಗಾಳಿ. ಕೊಳದ ಮೇಲಿನ ತೆರೆ ನೋಡಿದರೆ ಅದು ಎಡದಿಂದ ಬಲಕ್ಕೆ ಹರಿಯುತ್ತಿರುತ್ತದೆ. ಬಾವುಟ ಮಾತ್ರ ಜೋತುಬಿದ್ದಿರುತ್ತದೆ. ಗೋಡೆಗೆ ಬಡಿದ ಗಾಳಿ ಹಾಗೆ ಸುಳಿಯುತ್ತದೆ. ಕೈಯಲ್ಲಿದ್ದ ಐದನೇ ಐರನ್ ಚೀಲಕ್ಕೆ ವಾಪಸ್ ಹೋಗಿ ನಾಲ್ಕನೆಯದು ಬರುತ್ತದೆ, ಮತ್ತೆ ಐದನೆಯದು. ಇಳಿಜಾರಿನ ಲೆಕ್ಕ ಒಂದು ಕ್ಲಬ್ ಕಡಿಮೆ ಎನ್ನುತ್ತದೆ, ಭಯ ಒಂದು ಹೆಚ್ಚು ಎನ್ನುತ್ತದೆ. ನನ್ನಂಥ ಸಾಧಾರಣ ಆಟಗಾರನಿಗೆ ಭಯದ ಮಾತು ಕೇಳುವುದೇ ಲೇಸು: ಇಲ್ಲಿ ಉದ್ದವಾದ ಹೊಡೆತವನ್ನು ಗ್ರೀನ್‌ನ ಹಿಂದಿನ ಏರು ತಡೆದು ಕೆಳಗೆ ಬಿಡುವ ಸಾಧ್ಯತೆಯಾದರೂ ಉಂಟು, ಕಡಿಮೆಯಾದ ಹೊಡೆತಕ್ಕೆ ಕೊಳ ಏನೂ ವಾಪಸ್ ಕೊಡುವುದಿಲ್ಲ.

ಈಗ ಶೀರ್ಷಿಕೆಗೆ ಬರುತ್ತೇನೆ. ಇವತ್ತಿನ ಸ್ಕೋರ್ ಕಾರ್ಡಿನಲ್ಲಿ ಇದು ನಾಲ್ಕನೇ ಹೋಲ್. ಥಾಂಪ್ಸನ್ ಇದನ್ನು ಎಂಟನೆಯದಾಗಿ ಇಟ್ಟಿದ್ದರು. ಅವರ ಮೈದಾನ ಹೊರಡುತ್ತಿದ್ದುದು ಹೋಟೆಲ್ಲಿನ ಮಗ್ಗುಲಿನಿಂದ. ಮೊದಲ ಟೀ ಎತ್ತರದಲ್ಲಿತ್ತು. ಮೊದಲ ಹೊಡೆತವೇ ಕೆಳಗಿನ ಸ್ಪ್ರೇ ನದಿಯನ್ನು ದಾಟಬೇಕು. ತಿಂಡಿ ತಿಂದು ಬಂದ ಅತಿಥಿ, ಮೈ ಇನ್ನೂ ಬೆಚ್ಚಗಾಗದ ಹೊತ್ತಿನಲ್ಲಿ, ಹೋಟೆಲ್ಲಿನ ಕಿಟಕಿಗಳೆಲ್ಲ ನೋಡುತ್ತಿರುವಾಗ, ನದಿಯ ಮೇಲೆ ಚೆಂಡು ಹಾರಿಸಬೇಕು. ದಾಟಿತೋ, ಆಮೇಲೆ ಮೈದಾನ ಅವನನ್ನು ಒಂದೊಂದೇ ಹೆಜ್ಜೆ ಒಳಗೆ ಕರೆದುಕೊಳ್ಳುತ್ತಿತ್ತು. ಹೋಟೆಲ್ ಬೆನ್ನ ಹಿಂದೆ ಸರಿಯುತ್ತದೆ, ರಂಡಲ್ ಹತ್ತಿರವಾಗುತ್ತದೆ, ಎಂಟನೆಯದಕ್ಕೆ ಬಂದಾಗ ಬೆಟ್ಟ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತದೆ. ಆಮೇಲೆ ದಿಕ್ಕು ತಿರುಗಿ, ಬೋ ನದಿಯ ದಡ ಹಿಡಿದು ಮನೆಯ ಹಾದಿ. ಕೊನೆಯ ಹೋಲ್‌ಗಳಲ್ಲಿ ನದಿ ಬಲಗಡೆಯ ಜೊತೆಗಾರ, ಎದುರಿಗೆ ಮರಗಳ ಮೇಲೆ ಏಳುವ ಹೋಟೆಲ್ಲಿನ ಗೋಪುರ, ಹದಿನೆಂಟರ ಗ್ರೀನ್‌ನಿಂದ ಊಟದ ಮನೆಗೆ ನಾಲ್ಕು ಹೆಜ್ಜೆ. ಹೋಗಿ ಬರುವ ಕ್ರಮವೇ ಆ ಮೈದಾನದ ಅರ್ಧ ವಿನ್ಯಾಸ.

1989ರಲ್ಲಿ ಇನ್ನೊಂದು ಒಂಬತ್ತು ಹೋಲ್ ಸೇರಿತು. ಟನಲ್ ಮೌಂಟನ್‌ನ ಹೆಸರಿನ ಆ ಭಾಗವನ್ನು ವಿನ್ಯಾಸ ಮಾಡಿದವರು ಜೆಫ್ರಿ ಕಾರ್ನಿಷ್ ಮತ್ತು ಬಿಲ್ ರಾಬಿನ್ಸನ್. ಕಾರ್ನಿಷ್ ಹುಡುಗರಾಗಿದ್ದಾಗ ವ್ಯಾಂಕೂವರ್ ಬಳಿಯ ಕಪಿಲಾನೊ ಮೈದಾನಕ್ಕೆ ಮಣ್ಣು ಪರೀಕ್ಷಿಸಲು ಥಾಂಪ್ಸನ್ ಅವರ ಕೈಕೆಳಗೆ ಸೇರಿದ್ದವರು. ಗುರುವಿನ ಮನೆಗೇ ಕೋಣೆ ಸೇರಿಸುವ ಕೆಲಸ ಶಿಷ್ಯನಿಗೆ ಬಂತು. ಹೊಸ ಒಂಬತ್ತು ಸಭ್ಯವಾಗಿದೆ, ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೇಳಬೇಕಾದ್ದು ಅದರ ಜೊತೆಗೆ ಬಂದ ಹೊಸ ಕ್ಲಬ್‌ಹೌಸ್‌ನ ವಿಷಯ. ಇಪ್ಪತ್ತೇಳು ಹೋಲ್‌ಗೂ ಒಂದೇ ಕಡೆಯಿಂದ ಹೊರಡುವ ಅನುಕೂಲ ಬೇಕೆಂದು ಅದನ್ನು ಹೋಟೆಲ್ಲಿನಿಂದ ದೂರ, ಮೈದಾನದ ನಡುವೆ ಕಟ್ಟಿದರು. ಹೋಟೆಲ್ಲಿನ ಕೆಳಗಿದ್ದ ಹಳೆಯ ಕ್ಲಬ್‌ಹೌಸ್ ವಾಲ್ಡ್‌ಹೌಸ್ ಎಂಬ ಹೆಸರಿನಲ್ಲಿ ಊಟದ ಮನೆಯಾಯಿತು. ಹೋಲ್‌ಗಳು ಒಂದಿಂಚೂ ಅಲುಗಲಿಲ್ಲ, ಎಣಿಕೆ ಮಾತ್ರ ಬದಲಾಯಿತು. ಹಳೆಯ ಐದನೆಯದು ಮೊದಲನೆಯದು, ಎಂಟನೆಯದು ನಾಲ್ಕನೆಯದು, ಹದಿನೆಂಟನೆಯದು ಹದಿನಾಲ್ಕನೆಯದು. ಸ್ಪ್ರೇ ದಾಟುವ ಹಳೆಯ ಮೊದಲನೆಯದು ಈಗ ಹದಿನೈದನೆಯದು.

ಆಡಳಿತದವರ ದೃಷ್ಟಿಯಿಂದ ಇದರಲ್ಲಿ ತಪ್ಪೇನಿಲ್ಲ. ಕಾರುಗಳಿಗೆ ಜಾಗ ಬೇಕು, ಹೋಟೆಲ್ಲಿನಲ್ಲಿ ಇಳಿಯದೆ ಕ್ಯಾಲ್ಗರಿಯಿಂದ ಆಡಿಕೊಂಡು ಹೋಗುವ ನಮ್ಮಂಥವರಿಗೂ ಬಾಗಿಲು ಬೇಕು, ನದಿಯ ಮೇಲೆ ಮೊದಲ ಹೊಡೆತ ಕಳೆದುಕೊಳ್ಳುವವರಿಂದ ಆಗುವ ತಡವೂ ತಪ್ಪಬೇಕು. ಆದರೆ ಆಡುವವನ ಅನುಭವವಾಗಿ ನೋಡಿದರೆ, ಥಾಂಪ್ಸನ್ ಮೈದಾನಕ್ಕೆ ಆದ ಅತಿ ದೊಡ್ಡ ಬದಲಾವಣೆಯನ್ನು ಯಾವ ಬುಲ್ಡೋಜರೂ ಮಾಡಲಿಲ್ಲ, ಒಂದು ಕಟ್ಟಡ ಮಾಡಿತು. ಈಗ ನೀವು ಮೈದಾನದ ನಡುಮಧ್ಯದಲ್ಲಿ ಚೆಂಡಿಡುತ್ತೀರಿ. ಮೈ ಬೆಚ್ಚಗಾಗುವ ಮೊದಲೇ ಕೊಪ್ಪರಿಗೆ ಎದುರಾಗುತ್ತದೆ. ಹದಿನಾಲ್ಕನೆಯದರಲ್ಲಿ ನದಿಯ ಗುಂಟ ಹೋಟೆಲ್ಲಿನ ಕಡೆಗೆ ಬರುತ್ತೀರಿ, ಇನ್ನೇನು ಮನೆ ಬಂತು ಎನ್ನುವಷ್ಟರಲ್ಲಿ ಅದಕ್ಕೆ ಬೆನ್ನು ಹಾಕಿ ಹದಿನೈದನೇ ಟೀಗೆ ಹೋಗುತ್ತೀರಿ. ಕೊನೆಯ ಮೂರು ಹೋಲ್‌ಗಳಲ್ಲಿ ಸ್ಕೋರ್ ಬಿಟ್ಟರೆ ಕಾಯುವಂಥದ್ದೇನೂ ಉಳಿದಿರುವುದಿಲ್ಲ. ಅವು ಕೆಟ್ಟ ಹೋಲ್‌ಗಳೇನಲ್ಲ, ಎರಡರಿಂದ ನಾಲ್ಕರವರೆಗಿನ ಸ್ಥಾನಕ್ಕೆಂದು ಹುಟ್ಟಿದವು. ಮುಕ್ತಾಯ ಹಾಡುವ ಹೊಣೆ ಅವುಗಳ ಮೇಲೆ ಆಮೇಲೆ ಬಿತ್ತು. ಎಷ್ಟೋ ಆಟಗಾರರು ಈ ಮೈದಾನದ ಕೊನೆ ಸಪ್ಪೆ ಎನ್ನುವುದನ್ನು ಕೇಳಿದ್ದೇನೆ. ಸಪ್ಪೆ ಎನ್ನಬೇಕಾದ್ದು ಎಣಿಕೆಯನ್ನು.

ಸಂಸ್ಥೆಯ ಉಳಿದ ಚರಿತ್ರೆ ಬೇಗ ಹೇಳಬಹುದು. ಎರಡನೇ ಮಹಾಯುದ್ಧದಲ್ಲಿ 1942ರಿಂದ 1945ರವರೆಗೆ ಹೋಟೆಲ್ ಮುಚ್ಚಿತ್ತು. 1969ರಿಂದ ಅದು ಚಳಿಗಾಲದಲ್ಲೂ ತೆರೆದಿದೆ, ಮೈದಾನಕ್ಕೆ ಮಾತ್ರ ಸುಮಾರು ಮೇ ನಡುವಿನಿಂದ ಅಕ್ಟೋಬರ್ ಆರಂಭದವರೆಗಿನ ಆಯುಷ್ಯ. 1984ರಲ್ಲಿ ಈ ಬೆಟ್ಟಸೀಮೆಯ ಉದ್ಯಾನಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ತೊಂಬತ್ತರ ದಶಕದಲ್ಲಿ ಬೋ ಕಣಿವೆಯ ಮೇಲೆ ಮನುಷ್ಯರ ಒತ್ತಡ ಎಷ್ಟಿರಬೇಕೆಂಬ ದೊಡ್ಡ ಅಧ್ಯಯನ ನಡೆದು 1996ರಲ್ಲಿ ವರದಿ ಬಂತು. ಆಮೇಲೆ ಬ್ಯಾನ್ಫ್‌ನಲ್ಲಿ ಏನನ್ನು ಕಟ್ಟುವುದೂ ಸುಲಭವಲ್ಲ. ರಾಷ್ಟ್ರೀಯ ಉದ್ಯಾನದ ನಡುವೆ ಬಂಡೆ ಸಿಡಿಸಿ ಗಾಲ್ಫ್ ಮೈದಾನ ಮಾಡುತ್ತೇನೆಂದು ಇಂದು ಯಾರಾದರೂ ಅರ್ಜಿ ಹಾಕಿದರೆ ಅದು ಮೊದಲ ಮೇಜನ್ನೂ ದಾಟಲಾರದು. ಅದು ಸರಿಯೇ ಎಂದು ನನ್ನ ಅಭಿಪ್ರಾಯ, ಆಡುವಾಗಿನ ನನ್ನ ಸಂತೋಷಕ್ಕೆ ಇದರಿಂದ ತುಸು ಇರಿಸುಮುರಿಸಾಗುತ್ತದೆ ಎಂಬುದೂ ನಿಜ.

ಎಲ್ಕ್ ಎಂಬ ದೊಡ್ಡ ಜಿಂಕೆಗಳಿಗೆ ಇಂಥ ಇರಿಸುಮುರಿಸಿಲ್ಲ. ನೀರು ಹಾಕಿ ಗೊಬ್ಬರ ಕೊಟ್ಟು ಬೆಳೆಸಿದ ಹುಲ್ಲು ಅವಕ್ಕೆ ಕಾಡಿನಲ್ಲಿ ಎಲ್ಲಿ ಸಿಗಬೇಕು? ಹಿಂಡು ಹಿಂಡಾಗಿ ಫೇರ್‌ವೇ ಮೇಲೆ ಮಲಗಿರುತ್ತವೆ. ಮೇ ಕೊನೆ, ಜೂನ್‌ನಲ್ಲಿ ಮರಿ ಹಾಕಿದ ಹೆಣ್ಣುಗಳ ಹತ್ತಿರ ಸುಳಿಯಬಾರದು. ಸೆಪ್ಟೆಂಬರ್‌ನಲ್ಲಿ ಕೊಂಬು ಮಸೆದ ಗಂಡುಗಳ ಹತ್ತಿರ ಇನ್ನೂ ಸುಳಿಯಬಾರದು. ಚೆಂಡು ಅವುಗಳ ನಡುವೆ ಬಿದ್ದರೆ ಅದನ್ನು ಮರೆತುಬಿಡುವುದೇ ಜಾಣತನ.

ಆಡದವರೂ ಈ ಮೈದಾನವನ್ನು ನೋಡಬಹುದು. ಜಲಪಾತದ ಪಕ್ಕದ ಸೇತುವೆ ದಾಟಿದರೆ ಮೈದಾನವನ್ನು ಸುತ್ತಿಬರುವ ರಸ್ತೆಯಿದೆ, ನಡೆಯಬಹುದು, ಸೈಕಲ್ ಹೊಡೆಯಬಹುದು. ಆಡುವವರಿಗೆ ನನ್ನದೊಂದು ಸಲಹೆ: ಹೊರಡುವ ಮುನ್ನ ಸ್ಕೋರ್ ಕಾರ್ಡಿನಲ್ಲಿ ಪ್ರತಿ ಹೋಲ್‌ನ ಪಕ್ಕ ಪೆನ್ಸಿಲ್‌ನಿಂದ ಹಳೆಯ ಸಂಖ್ಯೆ ಬರೆದುಕೊಳ್ಳಿ. ಮೊದಲ ಹದಿನಾಲ್ಕಕ್ಕೆ ನಾಲ್ಕು ಕೂಡಿಸಿ, ಕೊನೆಯ ನಾಲ್ಕರಲ್ಲಿ ಹದಿನಾಲ್ಕು ಕಳೆಯಿರಿ. ಹದಿನಾಲ್ಕನೇ ಗ್ರೀನ್‌ನಲ್ಲಿ ಪಟ್ ಬಿದ್ದ ಮೇಲೆ ಹಿಂದಿನವರು ಅವಸರ ಮಾಡದಿದ್ದರೆ ಒಂದು ನಿಮಿಷ ನಿಂತು ಹೋಟೆಲ್ಲನ್ನು ನೋಡಿ, ಆಮೇಲೆ ಹದಿನೈದನೇ ಟೀ ಹತ್ತಿ. ನದಿ ದಾಟಿಸಲು ಎರಡು ಚೆಂಡು ಜೇಬಿನಲ್ಲಿರಲಿ.